ಕಡಿಮೆ ಓಡಿಸಿದವರೇ ಗೆಲ್ಲುವ ರ‍್ಯಾಲಿ

[ದೃಶ್ಯ: ಡ್ರೋನ್‌ನಿಂದ ತೆಗೆದ ಮರಳು ದಿಬ್ಬಗಳು. ನಡುವೆ ಒಂದೇ ಒಂದು ಜೀಪು.]

ನಮಸ್ಕಾರ. ರ‍್ಯಾಲಿ ಅಂದರೆ ಯಾರು ಮೊದಲು ಬರುತ್ತಾರೋ ಅವರು ಗೆದ್ದ ಹಾಗೆ, ಅಲ್ವಾ? ಮೊರಾಕ್ಕೊದಲ್ಲಿ ನಡೆಯುವ ಈ ರ‍್ಯಾಲಿಯಲ್ಲಿ ವೇಗಕ್ಕೆ ಬೆಲೆಯೇ ಇಲ್ಲ. ಎಲ್ಲ ಚೆಕ್‌ಪಾಯಿಂಟ್ ಮುಟ್ಟಬೇಕು, ಆದರೆ ಎಲ್ಲರಿಗಿಂತ ಕಡಿಮೆ ಕಿಲೋಮೀಟರ್ ಓಡಿಸಿರಬೇಕು.

ಹೆಸರು ರ‍್ಯಾಲಿ ಐಚಾ ದೆ ಗಜೆಲ್. ಫ್ರಾನ್ಸಿನ ದೊಮಿನಿಕ್ ಸೆರಾ ಎಂಬ ಮಹಿಳೆ 1990ರಲ್ಲಿ ಶುರು ಮಾಡಿದ್ದು. ಭಾಗವಹಿಸುವವರು ಹೆಂಗಸರು ಮಾತ್ರ. ಒಂದು ಗಾಡಿಗೆ ಇಬ್ಬರು. ಒಬ್ಬರ ಕೈಯಲ್ಲಿ ಸ್ಟಿಯರಿಂಗ್, ಇನ್ನೊಬ್ಬರ ಮಡಿಲಲ್ಲಿ ನಕ್ಷೆ. ಜಿಪಿಎಸ್ ಇಟ್ಟುಕೊಳ್ಳುವಂತಿಲ್ಲ, ಫೋನೂ ಇಲ್ಲ. ಗಾಡಿಯಲ್ಲಿ ಒಂದು ಸ್ಯಾಟಲೈಟ್ ಟ್ರ್ಯಾಕರ್ ಇರುತ್ತದೆ, ನಿಜ. ಆದರೆ ಅದು ನೀವು ಎಲ್ಲಿದ್ದೀರಿ ಅಂತ ಆಯೋಜಕರಿಗೆ ಹೇಳುತ್ತದೆ, ನಿಮಗಲ್ಲ!

[ದೃಶ್ಯ: ನಸುಕಿನ ಕತ್ತಲು. ಹಣೆಗೆ ಕಟ್ಟಿದ ಟಾರ್ಚ್ ಬೆಳಕಿನಲ್ಲಿ ನಕ್ಷೆ, ಸ್ಕೇಲು, ಪೆನ್ಸಿಲ್.]

ಬೆಳಕು ಹರಿಯುವ ಮೊದಲೇ ಕೆಲಸ ಶುರು. ಅವತ್ತಿನ ಚೆಕ್‌ಪಾಯಿಂಟ್‌ಗಳ ಅಕ್ಷಾಂಶ, ರೇಖಾಂಶ ಕೊಡುತ್ತಾರೆ. ಕೆಲವೊಮ್ಮೆ ಈ ಚೆಕ್‌ಪಾಯಿಂಟ್‌ನಿಂದ ಇಷ್ಟು ಡಿಗ್ರಿ ದಿಕ್ಕಿಗೆ ಇಷ್ಟು ಕಿಲೋಮೀಟರ್ ಅಂತ ಮಾತ್ರ ಹೇಳುತ್ತಾರೆ. ಅದನ್ನು ನೀವೇ ನಕ್ಷೆಯ ಮೇಲೆ ಗುರುತು ಮಾಡಿಕೊಳ್ಳಬೇಕು. ನಕ್ಷೆ ಹಳೆಯದು, ಕಪ್ಪು ಬಿಳುಪು. ಅಳತೆ 1:1,00,000, ಅಂದರೆ ನಕ್ಷೆಯ 1 ಸೆಂಟಿಮೀಟರ್ ನೆಲದ ಮೇಲೆ 1 ಕಿಲೋಮೀಟರ್. ಈಗ ಪೆನ್ಸಿಲ್ ಮೊನೆ 1 ಮಿಲಿಮೀಟರ್ ಆಚೀಚೆ ಆಯಿತು ಅಂದುಕೊಳ್ಳಿ. ಅಲ್ಲಿಗೆ 100 ಮೀಟರ್ ತಪ್ಪಿದಿರಿ. ನಿಮಗೂ ಚೆಕ್‌ಪಾಯಿಂಟಿಗೂ ನಡುವೆ ಒಂದು ದಿಬ್ಬ ಇದ್ದರೆ 100 ಮೀಟರ್ ಪಕ್ಕದಲ್ಲೇ ಹಾದು ಹೋದರೂ ಏನೂ ಕಾಣುವುದಿಲ್ಲ.

ದಿಕ್ಕಿನ ತಪ್ಪು ಇನ್ನೂ ದುಬಾರಿ. ಕಂಪಾಸ್ ಓದುವಾಗ 5 ಡಿಗ್ರಿ ತಪ್ಪಿದರೆ 10 ಕಿಲೋಮೀಟರ್ ಹೋಗುವಷ್ಟರಲ್ಲಿ ಸುಮಾರು 870 ಮೀಟರ್ ಪಕ್ಕಕ್ಕೆ ಸರಿದಿರುತ್ತೀರಿ. 5 ಡಿಗ್ರಿ ತಪ್ಪೋದು ಏನೂ ಕಷ್ಟವಲ್ಲ. ಗಾಡಿಯೊಳಗೆ ಕೂತೇ ಕಂಪಾಸ್ ನೋಡಿದರೆ ಸಾಕು. ಸುತ್ತ ಇರುವುದೆಲ್ಲ ಕಬ್ಬಿಣ, ಮುಳ್ಳು ಅದರ ಕಡೆಗೇ ಎಳೆದುಕೊಳ್ಳುತ್ತದೆ.

[ದೃಶ್ಯ: ಗಾಡಿಯಿಂದ ದೂರ ನಿಂತು ಕಂಪಾಸನ್ನು ಕಣ್ಣಿನ ಮಟ್ಟಕ್ಕೆ ಹಿಡಿದ ನ್ಯಾವಿಗೇಟರ್. ಕ್ಯಾಮೆರಾ ನಿಧಾನವಾಗಿ ಹತ್ತಿರಕ್ಕೆ.]

ಅದಕ್ಕೇ ಇದನ್ನು ಸರಿಯಾಗಿ ನೋಡಿ. ನ್ಯಾವಿಗೇಟರ್, ಅಂದರೆ ನಕ್ಷೆ ಹಿಡಿದವರು, ಇಳಿದು ಗಾಡಿಯಿಂದ ದೂರಕ್ಕೆ ನಡೆಯುತ್ತಾರೆ. ಕಂಪಾಸ್ ಕಣ್ಣಿನ ಮಟ್ಟಕ್ಕೆ. ಮುಳ್ಳು ಅಲುಗಾಡುವುದು ನಿಲ್ಲಬೇಕು. ಆಮೇಲೆ ಆ ದಿಕ್ಕಿನಲ್ಲಿ ದೂರದ ಒಂದು ಗುರುತು ಹಿಡಿಯುತ್ತಾರೆ. ಗುಡ್ಡದ ತುದಿ, ಒಂಟಿ ಜಾಲಿ ಮರ, ಏನೋ ಒಂದು. ಇನ್ನು ಕಂಪಾಸ್ ಜೇಬಿಗೆ. ಡ್ರೈವರ್‌ಗೆ ಹೇಳುವುದು ಇಷ್ಟೇ: "ಆ ಎಡಗಡೆ ಮೊಂಡು ಗುಡ್ಡ ಕಾಣ್ತಿದೆಯಲ್ಲ, ಅದರ ಮೇಲೆ ಕಣ್ಣಿಡು." ಆ ಗುಡ್ಡದ ತನಕ ಹೋಗಿ, ಮತ್ತೆ ಇಳಿದು, ಮತ್ತೆ ಅದೇ ಕೆಲಸ. ದಿನಕ್ಕೆ ಎಷ್ಟು ಸಲ ಇಳಿದು ಹತ್ತಬೇಕೋ ಲೆಕ್ಕವಿಲ್ಲ. ಮಧ್ಯಾಹ್ನದ ಹೊತ್ತಿಗೆ "ಹೋಗ್ಲಿ ಬಿಡು, ಹೆಚ್ಚು ಕಡಿಮೆ ನೇರಾನೇ ಇದೀವಿ" ಅಂತ ಅನ್ನಿಸೋಕೆ ಶುರುವಾಗುತ್ತದೆ. ಕಿಲೋಮೀಟರ್ ಪೋಲಾಗುವುದು ಅಲ್ಲೇ.

ಸುತ್ತ ಬರೀ ಮರಳಾದರೆ ಗುರುತಿಗೇನು ಮಾಡೋದು? ಆಗ ದಿಕ್ಕು ಹಿಡಿದು, ಮೀಟರ್ ನೋಡಿಕೊಂಡು ದೂರ ಎಣಿಸಬೇಕು. ಆದರೆ ಮರಳಲ್ಲಿ ಮೀಟರನ್ನೂ ನಂಬುವ ಹಾಗಿಲ್ಲ. ಚಕ್ರ ನಿಂತಲ್ಲೇ ತಿರುಗಿದರೂ ಮೀಟರ್ ಓಡುತ್ತದೆ. ದಿಬ್ಬ ಹತ್ತಿ ಇಳಿದ ದೂರ ನಕ್ಷೆಯ ಚಪ್ಪಟೆ ದೂರಕ್ಕಿಂತ ಯಾವಾಗಲೂ ಜಾಸ್ತಿ. ಅನುಭವ ಇರುವವರು ಮೀಟರ್ ತೋರಿಸಿದ್ದರಲ್ಲಿ ಸ್ವಲ್ಪ ಕಳೆದೇ ಲೆಕ್ಕ ಹಾಕುತ್ತಾರೆ.

[ಗ್ರಾಫಿಕ್: ದಿಬ್ಬದ ಅಡ್ಡ ಸೀಳು. ಒಂದು ಕಡೆ ಓರೆ, ಇನ್ನೊಂದು ಕಡೆ ಕಡಿದಾದ ಇಳಿಜಾರು. ಬಾಣದ ಗುರುತಲ್ಲಿ ಗಾಳಿ.]

ಇನ್ನು ಮರಳಿನ ವಿಷಯ. ಮೆರ್ಜೂಗಾ ಊರಿನ ಪಕ್ಕ ಎರ್ಗ್ ಚೆಬ್ಬಿ ಅಂತ ದೊಡ್ಡ ಮರಳು ಪ್ರದೇಶ ಇದೆ. ದಿಬ್ಬಗಳು 150 ಮೀಟರ್ ತನಕ ಏಳುತ್ತವೆ. ಮರಳು ದಿಬ್ಬಕ್ಕೆ ಎರಡು ಮುಖ. ಗಾಳಿ ಬಡಿಯುವ ಕಡೆ ಇಳಿಜಾರು ನಿಧಾನ, ಮರಳು ಗಟ್ಟಿ. ಆಚೆ ಕಡೆ ಕಡಿದು, ಸುಮಾರು 34 ಡಿಗ್ರಿ, ಕಾಲಿಟ್ಟರೆ ಜಾರುವಷ್ಟು ಸಡಿಲ. ಹತ್ತುವುದು ಗಟ್ಟಿ ಕಡೆಯಿಂದ. ಹತ್ತುವಾಗ ವೇಗ ಬೇಕು, ನೆತ್ತಿ ಹತ್ತಿರ ಬಂದಾಗ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಬೇಕು. ಬೇಗ ತೆಗೆದರೆ ಅರ್ಧಕ್ಕೇ ನಿಲ್ಲುತ್ತದೆ. ತಡವಾಗಿ ತೆಗೆದರೆ ಆಚೆಗೆ ಹಾರುತ್ತದೆ. ಇವೆರಡರ ನಡುವೆ ಇನ್ನೊಂದು ಪೇಚು ಇದೆ. ಮುಂದಿನ ಚಕ್ರ ಆಚೆ, ಹಿಂದಿನ ಚಕ್ರ ಈಚೆ, ಗಾಡಿ ಹೊಟ್ಟೆ ಮೇಲೆ ಕೂತುಬಿಡುತ್ತದೆ. ನಾಲ್ಕೂ ಚಕ್ರ ತಿರುಗುತ್ತವೆ, ಗಾಡಿ ಮಾತ್ರ ಇದ್ದಲ್ಲೇ.

ಇಳಿಯುವಾಗ ಮೂತಿ ನೇರ ಕೆಳಗೆ ಇರಬೇಕು. ಹೆದರಿ ಅಡ್ಡ ತಿರುಗಿಸಿದರೆ ಪಲ್ಟಿ. ಇನ್ನೊಂದು ಮಾತು: ನಡು ಮಧ್ಯಾಹ್ನ ದಿಬ್ಬಕ್ಕೆ ನೆರಳಿರುವುದಿಲ್ಲ. ಎಲ್ಲ ಒಂದೇ ಮಟ್ಟಕ್ಕೆ ಕಾಣುತ್ತದೆ, ಗುಂಡಿ ಎಲ್ಲಿ ಏರು ಎಲ್ಲಿ ಗೊತ್ತಾಗುವುದಿಲ್ಲ. ಹಾಗಾಗಿ ದೊಡ್ಡ ದಿಬ್ಬದ ಕೆಲಸ ಬೆಳಗಿನಲ್ಲೇ ಮುಗಿಸುವುದು ಒಳ್ಳೆಯದು.

ಟೈರಿನ ಗಾಳಿ ಕೂಡ ಒಂದು ತಲೆನೋವು. ರಸ್ತೆಯಲ್ಲಿ 30 ಪಿಎಸ್‌ಐ ಆಸುಪಾಸು ಇರುವ ಗಾಳಿಯನ್ನು ಮರಳಲ್ಲಿ 15ಕ್ಕೆ ಇಳಿಸುತ್ತಾರೆ. ಟೈರ್ ಉದ್ದಕ್ಕೆ ಹರಡಿಕೊಂಡು ಮರಳಿನ ಮೇಲೆ ತೇಲುತ್ತದೆ. ಇನ್ನೂ ಇಳಿಸಿದರೆ ತಿರುವಲ್ಲಿ ಟೈರು ರಿಮ್ ಬಿಟ್ಟು ಬರಬಹುದು. ಮರಳು ಮುಗಿದು ಚೂಪು ಕಲ್ಲಿನ ಬಯಲು ಬಂತೋ, ಮತ್ತೆ ಗಾಳಿ ತುಂಬಿಸಲೇಬೇಕು. ಇಲ್ಲದಿದ್ದರೆ ಟೈರಿನ ಪಕ್ಕ ಸೀಳುತ್ತದೆ. ಪುಟ್ಟ ಕಂಪ್ರೆಸರ್‌ನಲ್ಲಿ ನಾಲ್ಕು ಟೈರ್ ತುಂಬುವ ತನಕ ಬಿಸಿಲಲ್ಲಿ ನಿಂತಿರಿ, ಸುಮ್ನೆ.

ಹೂತುಕೊಂಡರೆ? ಸಲಿಕೆ ತೆಗೆಯಬೇಕು. ಚಕ್ರದ ಮುಂದಿನ ಮರಳಿಗಿಂತ ಮೊದಲು ಗಾಡಿಯ ಹೊಟ್ಟೆ ಕೆಳಗಿನ ಮರಳು ಎಳೆಯಬೇಕು. ಆಮೇಲೆ ಚಕ್ರಕ್ಕೆ ಹಲಗೆ ಕೊಡಬೇಕು. ಬೇರೆ ಜೋಡಿ ಬಂದು ಎಳೆದು ಕೊಟ್ಟರೆ ಪರವಾಗಿಲ್ಲ. ಆಯೋಜಕರ ಮೆಕ್ಯಾನಿಕ್‌ನನ್ನು ನಡುದಾರಿಯಲ್ಲಿ ಕರೆಸಿದರೆ ದಂಡ ಬೀಳುತ್ತದೆ.

[ಗ್ರಾಫಿಕ್: ನಕ್ಷೆಯ ಮೇಲೆ ಎರಡು ಚುಕ್ಕೆ, ನಡುವೆ ಮರಳು. ಒಂದು ನೇರ ಗೆರೆ, ಒಂದು ಬಳಸು ಗೆರೆ.]

ಈಗ ಅಸಲಿ ಆಟಕ್ಕೆ ಬರೋಣ. ಎರಡು ಚೆಕ್‌ಪಾಯಿಂಟ್ ನಡುವೆ ನೇರ ಗೆರೆ ಎಳೆದರೆ ಒಂದು ದೂರ ಬರುತ್ತದೆ. ಅದಕ್ಕಿಂತ ನೀವು ಎಷ್ಟು ಹೆಚ್ಚು ಓಡಿಸಿದಿರೋ ಅದೇ ನಿಮ್ಮ ಅಂಕ. ಮುಟ್ಟದೆ ಬಿಟ್ಟ ಚೆಕ್‌ಪಾಯಿಂಟಿಗೂ ಕಿಲೋಮೀಟರ್ ಲೆಕ್ಕದಲ್ಲೇ ದಂಡ. ಈಗ ಒಂದು ಲೆಕ್ಕ ಮಾಡಿ. ನೇರ ಹೋದರೆ 6 ಕಿಲೋಮೀಟರ್, ಪೂರ್ತಿ ದಿಬ್ಬ. ಬಳಸಿ ಹೋದರೆ 11 ಕಿಲೋಮೀಟರ್, ಗಟ್ಟಿ ನೆಲ. ನೇರ ಹೋಗಿ ಹೂತರೆ ಎರಡು ಮೂರು ಗಂಟೆ ಹೋಯಿತು. ಚೆಕ್‌ಪಾಯಿಂಟ್‌ಗಳಿಗೆ ಮುಚ್ಚುವ ಹೊತ್ತು ಅಂತ ಇರುತ್ತದೆ, ಹಾಗಾಗಿ ಮುಂದಿನದು ಸಿಗದೆ ಹೋಗಬಹುದು. ಬಳಸಿ ಹೋದರೆ 5 ಕಿಲೋಮೀಟರ್ ಖಂಡಿತ ನಷ್ಟ. ಏನು ಮಾಡ್ತೀರಿ? ನನ್ನ ಪ್ರಕಾರ ಈ ರ‍್ಯಾಲಿಯ ಜೀವ ಇರುವುದು ಇಲ್ಲೇ. ದೊಡ್ಡ ಎಂಜಿನ್ ಇದ್ದವರಿಗೆ ಇಲ್ಲಿ ವಿಶೇಷ ಲಾಭ ಇಲ್ಲ. ಇಬ್ಬರು ಬಿಸಿಲಲ್ಲಿ ನಿಂತು, ಜಗಳ ಆಡದೆ, ಎರಡು ನಿಮಿಷದಲ್ಲಿ ಒಂದು ತೀರ್ಮಾನಕ್ಕೆ ಬರಬೇಕು. ಸರಿ, ಜಗಳ ಆಡಿದರೂ ಬೇಗ ಮುಗಿಸಬೇಕು.

ಕೆಲವು ಹಂತಗಳು ಎರಡು ದಿನದವು. ರಾತ್ರಿ ಬೇಸ್ ಕ್ಯಾಂಪಿಗೆ ವಾಪಸ್ ಬರುವುದಿಲ್ಲ, ಮರಳುಗಾಡಿನಲ್ಲೇ ಟೆಂಟ್ ಹಾಕಿ ಮಲಗುತ್ತಾರೆ. ರಿಪೇರಿಯೂ ಅವರದ್ದೇ, ಅಡುಗೆಯೂ ಅವರದ್ದೇ.

ಮರಳುಗಾಡಿನ ಇನ್ನೊಂದು ಹೆಸರಾಂತ ರ‍್ಯಾಲಿ ಡಾಕರ್ ಇದಕ್ಕಿಂತ ಬೇರೆ. ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಬೈಕಿನಲ್ಲಿ ಡಾಕರ್ ಮುಗಿಸಿದ ಮೊದಲ ಭಾರತೀಯ. ಬಂದದ್ದು 36ನೇ ಸ್ಥಾನ. ಆಗ ಡಾಕರ್ ನಡೆಯುತ್ತಿದ್ದದ್ದು ದಕ್ಷಿಣ ಅಮೆರಿಕದಲ್ಲಿ, ಈಗ ಸೌದಿ ಅರೇಬಿಯಾದಲ್ಲಿ. ಅಲ್ಲಿ ರೋಡ್‌ಬುಕ್ ಕೊಡುತ್ತಾರೆ, ಎಷ್ಟನೇ ಕಿಲೋಮೀಟರಿಗೆ ಎತ್ತ ತಿರುಗಬೇಕು ಅಂತ ಚಿತ್ರ ಸಮೇತ ಇರುತ್ತದೆ. ಅದನ್ನು ಓಡುತ್ತಲೇ ಓದಬೇಕು, ಗಡಿಯಾರದ ಜೊತೆ ಜಿದ್ದಿಗೆ ಬೀಳಬೇಕು. ಗಜೆಲ್‌ನಲ್ಲಿ ದಾರಿಯನ್ನೇ ಯಾರೂ ಹೇಳುವುದಿಲ್ಲ.

ಗಜೆಲ್‌ನಲ್ಲಿ ಪಳಗಿದ ಎಮಿಲಿ ಮಿಲ್ಲರ್ ಅಮೆರಿಕದಲ್ಲಿ 2016ರಿಂದ ರೆಬೆಲ್ ರ‍್ಯಾಲಿ ನಡೆಸುತ್ತಿದ್ದಾರೆ. ನೆವಾಡಾ, ಕ್ಯಾಲಿಫೋರ್ನಿಯಾದ ಮರಳುಗಾಡು, ಅದೂ ಹೆಂಗಸರಿಗೇ. ಅಲ್ಲಿ ಒಂದು ಹೆಚ್ಚಿನ ಕಷ್ಟ ಇದೆ. ಕಂಪಾಸ್ ತೋರಿಸುವ ಉತ್ತರಕ್ಕೂ ನಕ್ಷೆಯ ಉತ್ತರಕ್ಕೂ ಸುಮಾರು 11 ಡಿಗ್ರಿ ವ್ಯತ್ಯಾಸ. ಇದನ್ನು ಮರೆತರೆ 10 ಕಿಲೋಮೀಟರಿಗೆ ಹತ್ತಿರ ಹತ್ತಿರ 2 ಕಿಲೋಮೀಟರ್ ತಪ್ಪುತ್ತೀರಿ. ಕಳೆಯಬೇಕಾದ ಕಡೆ ಕೂಡಿಸಿದರಂತೂ ತಪ್ಪು ಎರಡು ಪಟ್ಟು.

[ದೃಶ್ಯ: ನಿರೂಪಕರು ಮೇಜಿನ ಮುಂದೆ. ಮೇಜಿನ ಮೇಲೆ ನಕ್ಷೆ, ಕಂಪಾಸ್.]

ಭಾಗವಹಿಸೋಕೆ ರೇಸಿಂಗ್ ಅನುಭವ ಬೇಕಿಲ್ಲ. ದುಡ್ಡು ಮಾತ್ರ ಜಾಸ್ತಿಯೇ ಬೇಕು. ಪ್ರವೇಶ ಶುಲ್ಕ, ಗಾಡಿ ಬಾಡಿಗೆ, ವಿಮಾನ ಎಲ್ಲ ಸೇರಿ. ಗಾಡಿಗಳ ಮೈತುಂಬ ಸ್ಟಿಕ್ಕರ್ ಇರುವುದು ಅದಕ್ಕೇ, ಅವೆಲ್ಲ ಪ್ರಾಯೋಜಕರದ್ದು. ಆದರೆ ನಕ್ಷೆ ಓದೋದನ್ನು ಇಲ್ಲೇ ಕಲಿಯಬಹುದು. ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆ ಆನ್‌ಲೈನ್‌ನಲ್ಲಿ ಸಿಗುತ್ತದೆ, ಅದರಲ್ಲಿ 2 ಸೆಂಟಿಮೀಟರ್ ಅಂದರೆ 1 ಕಿಲೋಮೀಟರ್. ನಿಮ್ಮ ಊರಿನ ಹಾಳೆ ಪ್ರಿಂಟ್ ಹಾಕಿಸಿ. ಒಂದು ಕೆರೆ ಏರಿ, ಒಂದು ಗುಡ್ಡ ಆರಿಸಿ. ನಡುವೆ ಗೆರೆ ಎಳೆದು ದಿಕ್ಕು ಅಳೆಯಿರಿ. ಜೊತೆಗೆ ಬರುವ ಗೆಳತಿಯ ಫೋನೂ ನಿಮ್ಮ ಫೋನೂ ಆಫ್ ಮಾಡಿ ಬ್ಯಾಗಿಗೆ ಹಾಕಿ, ನಡೆದೇ ಹೋಗಿ. ಯಾರದೋ ಹೊಲಕ್ಕೆ ಬೇಲಿ ಇದ್ದರೆ ಬಳಸಿಕೊಂಡು ಹೋಗಿ, ಮತ್ತೆ ಗೆರೆಗೆ ಹೇಗೆ ವಾಪಸ್ ಬರೋದು ಅಂತ ಇಬ್ಬರೂ ಕೂತು ಲೆಕ್ಕ ಹಾಕಿ.