ಟ್ರಂಕಿನಲ್ಲಿ ಉಳಿದ ಹಡಗು

ಕೇಳುಗರಿಗೆ ನಮಸ್ಕಾರ.

ಮಂಡ್ಯದಲ್ಲಿ ಸಮುದ್ರ ಇಲ್ಲ. ನಮಗೆ ದೊಡ್ಡ ನೀರು ಅಂದರೆ ಕನ್ನಂಬಾಡಿ ಕಟ್ಟೆ, ಈಜು ಕಲಿತ ನೀರು ಅಂದರೆ ವಿ.ಸಿ. ನಾಲೆ. ಆದರೆ ನಮ್ಮ ಮನೆಯ ಅಟ್ಟದ ಮೇಲೆ ಒಂದು ಕಪ್ಪು ಟ್ರಂಕು ಇತ್ತು. ಅದರಲ್ಲಿ ಸಮುದ್ರದ ಸಾಮಾನಿತ್ತು. ಅದು ನಮ್ಮ ದೊಡ್ಡಪ್ಪನ ಟ್ರಂಕು.

ದೊಡ್ಡಪ್ಪ 1957ರಲ್ಲಿ, 18ನೇ ವಯಸ್ಸಿಗೆ ನೌಕಾಪಡೆ ಸೇರಿದರು. 15 ವರ್ಷ ಮುಗಿಸಿ ಊರಿಗೆ ಬಂದರು. ಆಮೇಲೆ ನಮ್ಮೂರಿನ ಸಕ್ಕರೆ ಕಾರ್ಖಾನೆಯ ಬಾಯ್ಲರ್ ಮನೆಯಲ್ಲಿ ಕೆಲಸಕ್ಕೆ ಸೇರಿದರು. ಹಡಗಿನಲ್ಲೂ ಅವರದ್ದು ಬಾಯ್ಲರ್ ಕೆಲಸವೇ. ಸ್ಟೋಕರ್ ಅನ್ನುತ್ತಾರೆ ಆ ಕೆಲಸಕ್ಕೆ. ಅಲ್ಲಿ ಎಣ್ಣೆ ಉರಿಸುತ್ತಿದ್ದರು, ಇಲ್ಲಿ ಕಬ್ಬಿನ ಸಿಪ್ಪೆ ಉರಿಸಿದರು. ಚಿಕ್ಕವರಿದ್ದಾಗ ನಾವು, ಸಮುದ್ರ ಹೇಗಿರುತ್ತೆ ದೊಡ್ಡಪ್ಪ, ಅಂತ ಕೇಳುತ್ತಿದ್ದೆವು. "ನಾವೆಲ್ಲಿ ಸಮುದ್ರ ನೋಡಿದ್ವಿ ಮಗ? ನಾವು ಕೆಳಗೆ ಬೆಂಕಿ ನೋಡ್ಕೊಂಡಿದ್ವಿ" ಅನ್ನುತ್ತಿದ್ದರು.

ಅವರು ಜಾಸ್ತಿ ದಿನ ಇದ್ದ ಹಡಗಿನ ಹೆಸರು ಮೈಸೂರು. ಐ.ಎನ್.ಎಸ್. ಮೈಸೂರು. ಈ ಹೆಸರಿನ ಹಡಗು ಈಗಲೂ ನಮ್ಮ ನೌಕಾಪಡೆಯಲ್ಲಿದೆ. ಅದು ಮುಂಬೈಯ ಮಜಗಾಂವ್ ಡಾಕ್‌ನಲ್ಲಿ ತಯಾರಾಗಿ 1999ರ ಜೂನ್ 2ರಂದು ಪಡೆ ಸೇರಿತು. ದೊಡ್ಡಪ್ಪನದು ಅದಕ್ಕೂ ಹಿಂದಿನ ಹಡಗು. ಅದರ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಅದು ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಟೈನ್ ನದಿಯ ದಡದ ಕಾರ್ಖಾನೆಯಲ್ಲಿ. ನೀರಿಗಿಳಿದದ್ದು 1939ರಲ್ಲಿ, ಪಡೆ ಸೇರಿದ್ದು 1940ರಲ್ಲಿ. ಆಗ ಅದರ ಹೆಸರು ನೈಜೀರಿಯಾ. ಎರಡನೇ ಮಹಾಯುದ್ಧದಲ್ಲಿ, 1942ರ ಆಗಸ್ಟ್‌ನಲ್ಲಿ, ಮಾಲ್ಟಾ ದ್ವೀಪಕ್ಕೆ ಊಟ, ಎಣ್ಣೆ ತುಂಬಿಕೊಂಡ ಹಡಗುಗಳ ಸಾಲು ಹೊರಟಿತ್ತು. ಅದಕ್ಕೆ ಕಾವಲಿಗೆ ಹೋಗಿತ್ತು ಈ ನೈಜೀರಿಯಾ. ಆಗಸ್ಟ್ 12ರಂದು ಆಕ್ಸುಂ ಅನ್ನುವ ಇಟಲಿಯ ಜಲಾಂತರ್ಗಾಮಿ ಬಿಟ್ಟ ಟಾರ್ಪಿಡೊ ಇದಕ್ಕೆ ತಗುಲಿತು. 52 ಜನ ಸತ್ತರು. ಹಡಗು ಮಾತ್ರ ಮುಳುಗಲಿಲ್ಲ. ಗಾಯ ಹೊತ್ತುಕೊಂಡೇ ಜಿಬ್ರಾಲ್ಟರ್‌ಗೆ ವಾಪಸ್ ಬಂತು. 1954ರಲ್ಲಿ ನಮ್ಮ ದೇಶ ಇದನ್ನು ಕೊಂಡುಕೊಂಡಿತು. ದೊಡ್ಡ ರಿಪೇರಿಯಾಗಿ, 1957ರ ಆಗಸ್ಟ್ 29ರಂದು ಮೈಸೂರು ಅಂತ ಹೊಸ ಹೆಸರು ಪಡೆಯಿತು. ನೋಡಿ, ಹಡಗಿಗೂ ಒಂದು ಸೇವಾ ದಾಖಲೆ ಇರುತ್ತೆ. ಯಾರದೋ ದೇಶದ 52 ಮನೆಗಳ ದುಃಖ ಆ ಕಬ್ಬಿಣದಲ್ಲಿತ್ತು. ಮಂಡ್ಯದಿಂದ ಹೋದ ಒಬ್ಬ ಹುಡುಗ ಅದೇ ಹಡಗಿನ ಹೊಟ್ಟೆಯಲ್ಲಿ ನಿಂತು ಉರಿ ಕಾದ.

ಹಡಗಿನ ಲಾಂಛನ ಯಾವುದು ಗೊತ್ತಾ? ಗಂಡಭೇರುಂಡ. ಅರಮನೆಯಲ್ಲಿ, ಸರ್ಕಾರಿ ಬಸ್ಸಿನ ಮೈಮೇಲೆ ನಾವು ದಿನಾ ನೋಡುವ ಅದೇ ಎರಡು ತಲೆಯ ಹಕ್ಕಿ. ಅದರ ಜೊತೆಗೆ ತೈತ್ತಿರೀಯ ಉಪನಿಷತ್ತಿನ ಒಂದು ಮಾತು: ನ ಬಿಭೇತಿ ಕದಾಚನ. ಎಂದೂ ಹೆದರುವುದಿಲ್ಲ ಅಂತ ಅರ್ಥ.

1961ರ ಡಿಸೆಂಬರ್‌ನಲ್ಲಿ ಗೋವಾ ಬಿಡುಗಡೆಯ ಕಾರ್ಯಾಚರಣೆ ನಡೆಯಿತು. ಕಾರವಾರದ ಎದುರಿಗೆ ಅಂಜದೀವ್ ಅಂತ ಒಂದು ಸಣ್ಣ ದ್ವೀಪ ಇದೆ. ಪೋರ್ಚುಗೀಸರ ಕೈಯಲ್ಲಿದ್ದ ಆ ದ್ವೀಪವನ್ನು ಬಿಡಿಸಲು ಮೈಸೂರು ಮತ್ತು ತ್ರಿಶೂಲ್ ಹಡಗುಗಳು ಹೋದವು. ನಮ್ಮ 7 ನಾವಿಕರು ಅಲ್ಲಿ ಪ್ರಾಣ ಬಿಟ್ಟರು. ಅವರ ಸ್ಮಾರಕ ಆ ದ್ವೀಪದಲ್ಲಿದೆ. ಹತ್ತು ವರ್ಷ ಕಳೆದು 1971ರ ಯುದ್ಧ ಬಂತು. ಆಗ ಮೈಸೂರು ಪಶ್ಚಿಮ ನೌಕಾದಳದ ಮುಂದಾಳು ಹಡಗು. ದೊಡ್ಡಪ್ಪ ಎರಡೂ ಸಲ ಅದರಲ್ಲೇ ಇದ್ದರು.

1985ರ ಆಗಸ್ಟ್ 20ರಂದು ಆ ಹಡಗಿಗೆ ನಿವೃತ್ತಿಯಾಯಿತು. ಆಮೇಲೆ ಅದನ್ನು ಒಡೆದು ಗುಜರಿಗೆ ಹಾಕಿದರು. ಇವತ್ತು ಹೋಗಿ ನೋಡುತ್ತೇನೆ ಅಂದರೆ ಆ ಹಡಗು ಇಲ್ಲ. ಅದು ಉಳಿದಿರುವುದು ಇಂಥ ಟ್ರಂಕುಗಳಲ್ಲಿ ಮಾತ್ರ. ಅದಕ್ಕೇ ಈ ವಿಷಯವನ್ನು ನಿಮ್ಮ ಮುಂದೆ ಇಡಬೇಕು ಅನ್ನಿಸಿತು.

ನಮ್ಮ ಮನೆಯಲ್ಲಿ ಒಂದು ತಪ್ಪು ಆಗಿಹೋಯಿತು. ದೊಡ್ಡಪ್ಪ ತೀರಿಕೊಂಡ ಮಾರನೇ ವರ್ಷ, ಅವರ ಟೋಪಿ, ಬಿಳಿ ಸಮವಸ್ತ್ರ, ಒಂದು ಗುಂಪಿನ ಫೋಟೊ, ಇಷ್ಟನ್ನೂ ಒಂದು ಸಂಸ್ಥೆಯ ಪ್ರದರ್ಶನಕ್ಕೆ ಕೊಟ್ಟೆವು. ಸುಮ್ನೆ ಒಂದು ಬ್ಯಾಗಿನಲ್ಲಿ ಹಾಕಿ ಕೊಟ್ಟುಬಂದೆವು. ಒಂದು ಚೀಟಿಯನ್ನೂ ಬರೆದಿಡಲಿಲ್ಲ. ಕೆಲವು ವರ್ಷ ಆದಮೇಲೆ ಮಗಳನ್ನು ಕರೆದುಕೊಂಡು ಹೋದೆ. ಗಾಜಿನ ಪೆಟ್ಟಿಗೆಯಲ್ಲಿ ಟೋಪಿ ಇತ್ತು. ಕೆಳಗೆ "ಹಳೆಯ ಸೈನಿಕರ ಟೋಪಿ" ಅಂತ ಬರೆದಿತ್ತು. ಫೋಟೊ ಎಲ್ಲಿ ಅಂತ ಕೇಳಿದರೆ ಅಲ್ಲಿದ್ದವರಿಗೆ ಗೊತ್ತಿರಲಿಲ್ಲ. ಪಾಪ, ಅವರಿಗೆ ಹೇಗೆ ಗೊತ್ತಾಗಬೇಕು? ಹೇಳಬೇಕಾದವರು ನಾವು, ಹೇಳಲಿಲ್ಲ. ಆ ಫೋಟೊದಲ್ಲಿದ್ದ ಉಳಿದ 11 ಮಂದಿಯ ಹೆಸರು ದೊಡ್ಡಪ್ಪನಿಗೆ ಬಾಯಿಪಾಠ ಇತ್ತು. ನಾವು ಯಾರೂ ಬರೆದುಕೊಳ್ಳಲಿಲ್ಲ. ಅದನ್ನು ನೆನೆಸಿಕೊಂಡರೆ ಈಗಲೂ ಸಂಕಟ ಆಗುತ್ತದೆ.

ಟೋಪಿ ತಾನಾಗಿ ಮಾತಾಡುವುದಿಲ್ಲ. ಎರಡನೇ ಮಹಾಯುದ್ಧದ ಕಾಲದ ನಾವಿಕನ ಟೋಪಿ ನಿಮ್ಮ ಮನೆಯಲ್ಲಿದ್ದರೆ ಅದರ ಸುತ್ತ ಇರುವ ಕಪ್ಪು ಪಟ್ಟಿ ನೋಡಿ. ಶಾಂತಿಕಾಲದಲ್ಲಿ ಅದರ ಮೇಲೆ ಹಡಗಿನ ಹೆಸರು ಇರುತ್ತಿತ್ತು. ಯುದ್ಧಕಾಲದಲ್ಲಿ ಹಡಗಿನ ಹೆಸರು ಗುಟ್ಟಾಗಿರಲಿ ಅಂತ ಬರೀ ಎಚ್.ಎಂ.ಐ.ಎಸ್. ಅನ್ನುವ ಅಕ್ಷರ ಮಾತ್ರ. ಬ್ರಿಟಿಷ್ ದೊರೆಯ ಭಾರತೀಯ ಹಡಗು ಅಂತ ಅದರ ಅರ್ಥ. ಯಾವ ಹಡಗು, ಯಾವ ಸಮುದ್ರ, ಟೋಪಿಯಿಂದ ತಿಳಿಯುವುದೇ ಇಲ್ಲ. ಅದಕ್ಕೆ ಕಾಗದ ಬೇಕು, ಇಲ್ಲವೇ ಮನೆಯವರ ನೆನಪು ಬೇಕು.

ಪದಕ ಸ್ವಲ್ಪ ಮಾತಾಡುತ್ತದೆ. ದುಂಡನೆಯ ಪದಕದ ಅಂಚನ್ನು ಬೆಳಕಿಗೆ ಹಿಡಿದು ತಿರುಗಿಸಿ. ಸಣ್ಣ ಅಕ್ಷರದಲ್ಲಿ ಸೇವಾ ಸಂಖ್ಯೆ, ಹುದ್ದೆ, ಹೆಸರು ಕೆತ್ತಿರುತ್ತಾರೆ. ಆ ಸಂಖ್ಯೆಯೇ ಎಲ್ಲದಕ್ಕೂ ದಾರಿ. ದಯವಿಟ್ಟು ಪದಕವನ್ನು ಹಬ್ಬದ ದೀಪ ಉಜ್ಜಿದ ಹಾಗೆ ಉಜ್ಜಬೇಡಿ. ಪಾಲಿಶ್ ಹಾಕಿದ ಪ್ರತಿ ಸಲ ಒಂದು ಪದರ ಲೋಹ ಹೋಗುತ್ತದೆ. ಉಜ್ಜಿ ಉಜ್ಜಿ ಹೆಸರೇ ಅಳಿಸಿಹೋಗುತ್ತದೆ. ಕಪ್ಪಾಗಿದ್ದರೆ ಇರಲಿ ಬಿಡಿ. ಒಗೆದ ಹತ್ತಿಬಟ್ಟೆಯಲ್ಲಿ ಸುತ್ತಿಡಿ, ಸಾಕು.

ತೋಳಿನ ಮೇಲಿನ ಚಿಹ್ನೆಗಳೂ ಹಾಗೆಯೇ. ದೊಡ್ಡಪ್ಪನ ಅಂಗಿಯಲ್ಲಿ ರೆಕ್ಕೆಗಳಿದ್ದ ಒಂದು ಕಸೂತಿ ಇತ್ತು. ಅಮ್ಮ ಅದನ್ನು ಫ್ಯಾನು ಅಂದುಕೊಂಡಿದ್ದರು. ಅದು ಹಡಗನ್ನು ಮುಂದಕ್ಕೆ ತಳ್ಳುವ ಪ್ರೊಪೆಲ್ಲರ್. ಎಂಜಿನ್ ಕಡೆಯ ಕೆಲಸದವರು ಅನ್ನುವ ಗುರುತು.

ಹಳೆಯ ಕಾಗದಕ್ಕೆ ಲ್ಯಾಮಿನೇಶನ್ ಮಾಡಿಸಬೇಡಿ, ಸೆಲ್ಲೊಟೇಪ್ ಅಂಟಿಸಬೇಡಿ. ಎರಡೂ ಕಾಗದವನ್ನು ತಿನ್ನುತ್ತವೆ. ಫೋಟೊದ ಹಿಂದೆ ಬರೆಯುವುದಿದ್ದರೆ ಪೆನ್ಸಿಲ್‌ನಲ್ಲಿ, ಮೆಲ್ಲಗೆ ಬರೆಯಿರಿ.

ಸೇವಾ ಸಂಖ್ಯೆ ಸಿಗದಿದ್ದರೆ ಪಿಂಚಣಿ ಕಾಗದ ಹುಡುಕಿ. ಸೇವೆಯಿಂದ ಬಿಡುಗಡೆ ಆಗುವಾಗ ಕೊಡುವ ಡಿಸ್ಚಾರ್ಜ್ ಪುಸ್ತಕದಲ್ಲಿ ಸಿಕ್ಕೇ ಸಿಗುತ್ತದೆ. ನಾವಿಕರ ದಾಖಲೆ ನೋಡಿಕೊಳ್ಳುವ ಕಚೇರಿ ಮುಂಬೈಯ ಮಾನ್‌ಖುರ್ದ್‌ನಲ್ಲಿದೆ. ಅಲ್ಲಿಗೆ ಪತ್ರ ಹೇಗೆ ಬರೆಯಬೇಕು ಅಂತ ಮೈಸೂರಿನ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ಕೇಳಬಹುದು.

ಹೋದ ಬೇಸಿಗೆಯಲ್ಲಿ ನಾನು ಆ ಟ್ರಂಕನ್ನು ಮತ್ತೆ ಇಳಿಸಿದೆ. ಉಳಿದಿರುವುದನ್ನಾದರೂ ಸರಿಯಾಗಿ ಕೊಡೋಣ ಅಂತ ಒಂದು ನೋಟ್‌ಬುಕ್ ತಂದೆ. ಪ್ರತಿ ವಸ್ತುವಿಗೂ ಒಂದು ಸಂಖ್ಯೆ ಹಾಕಿದೆ. ಅದು ಏನು, ಯಾರದು, ಯಾವ ವರ್ಷದ್ದು, ಯಾರು ಹೇಳಿದ್ದು, ಎಲ್ಲ ಬರೆದೆ. ತೆಗೆದುಕೊಂಡವರು ಸಹಿ ಹಾಕಲು ಜಾಗ ಬಿಟ್ಟೆ. ಒಂದು ಪ್ರತಿ ಅವರಿಗೆ, ಒಂದು ನಮ್ಮ ಮನೆಗೆ.

ದೊಡ್ಡವ್ವನಿಗೆ ಈಗ 80 ದಾಟಿದೆ. ಕಣ್ಣು ಮಂಜಾಗಿದೆ, ಕಿವಿ ಚೆನ್ನಾಗಿದೆ. ಅವರ ಪಕ್ಕ ಕೂತು ಒಂದೊಂದೇ ಓದಿ ಹೇಳಿದೆ. ಪದಕ, ಬೆಲ್ಟು, ಚಿಹ್ನೆ, ಡಿಸ್ಚಾರ್ಜ್ ಪುಸ್ತಕ. ಅವರು ಹೂಂ, ಹೂಂ ಅನ್ನುತ್ತಿದ್ದರು. ಟ್ರಂಕಿನ ತಳದಲ್ಲಿ ಬೂದಿ ಬಣ್ಣದ ಒಂದು ಬಟ್ಟೆತುಂಡು ಇತ್ತು. ಅಂಚು ಹರಿದಿತ್ತು, ಎಣ್ಣೆ ಕಲೆ ಇತ್ತು. ಒರೆಸೋ ಬಟ್ಟೆ ಇರಬೇಕು ಅಂತ ನಾನು ಪಕ್ಕಕ್ಕೆ ಎಸೆದೆ. "ಅದ್ಯಾಕೆ ಎಸೆದೆ, ಕೊಡು ಇಲ್ಲಿ" ಅಂದರು ದೊಡ್ಡವ್ವ. ಕೈಗೆ ತೆಗೆದುಕೊಂಡು ಸವರಿದರು.

"ಬಾಯ್ಲರ್ ಮುಂದೆ ನಿಂತ್ಕೊಂಡಾಗ ಕುತ್ತಿಗೆಗೆ ಸುತ್ಕೊತಿದ್ರು ಇದ್ನ. ಬೆವರು ಕಣ್ಣಿಗೆ ಇಳೀದಂಗೆ ಒರೆಸ್ಕೊಳಕ್ಕೆ. ಟೋಪಿ ಫೋಟೊ ತೆಗೆಸ್ಕೊಳಕ್ಕೆ ಕಣಪ್ಪ, ಕೆಲ್ಸ ಮಾಡಿದ್ದು ಇದ್ರಲ್ಲಿ. ರಜಕ್ಕೆ ಬಂದಾಗೆಲ್ಲ ನಾನೇ ಒಗೀತಿದ್ದೆ. ಎಣ್ಣೆ ವಾಸನೆ ಹೋಗ್ತಾನೇ ಇರ್ಲಿಲ್ಲ. ಬರ್ಕೊ ಇದ್ನ."

ಬರೆದುಕೊಂಡೆ. ವಸ್ತು ಸಂಖ್ಯೆ 9. ಬೆವರು ಒರೆಸುವ ಬಟ್ಟೆ. ಐ.ಎನ್.ಎಸ್. ಮೈಸೂರು, ಬಾಯ್ಲರ್ ಕೋಣೆ. ಹೇಳಿದವರು, ಅವರ ಹೆಂಡತಿ.

ನಮಸ್ಕಾರ.