ಸೈಲೆನ್ಸರ್ ಬಿಚ್ಚಿದರೆ ಪಿಕಪ್ ಬರಲ್ಲ ಗುರು!

ನಮಸ್ಕಾರ, ಚಿಕ್ಕಬಳ್ಳಾಪುರದಿಂದ. ಇವತ್ತು ಚೈನ್ ಸ್ಪ್ರಾಕೆಟ್ ಬಗ್ಗೆ ಮಾತಾಡುತ್ತೇನೆ ಅಂದಿದ್ದೆ. ಅದು ಮುಂದಿನ ವಾರ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಒಂದು ಕಾಮೆಂಟ್ ನೋಡಿದೆ, ಕಾಫಿ ಆರಿಹೋಯಿತು. "ಅಣ್ಣಾ, ಕಂಪನಿ ಸೈಲೆನ್ಸರ್ ಇಂಜಿನ್ ಕತ್ತು ಹಿಸುಕುತ್ತೆ. ನಾನು ಬಿಚ್ಚಿ ಖಾಲಿ ಪೈಪ್ ಹಾಕ್ಸಿದೀನಿ. ನಂದಿ ಬೆಟ್ಟ ಟಾಪ್ ಗೇರಲ್ಲೇ ಹತ್ತುತ್ತೆ." ಅದಕ್ಕೆ ಬಂದ ಲೈಕು ನನ್ನ ವಿಡಿಯೋಗೇ ಬಂದಿಲ್ಲ!

ಟಾಪ್ ಗೇರಲ್ಲಿ ನಂದಿ. ಆ ತಿರುವುಗಳಲ್ಲಿ. ಸರಿ ಸ್ವಾಮಿ.

ಒಂದೇ ಮಾತು ಹೇಳುತ್ತೇನೆ. ಸೈಲೆನ್ಸರ್ ಇಂಜಿನ್ನಿನ ಭಾಗ. ಅಡುಗೆಮನೆ ಹೊಗೆಗೂಡಲ್ಲ ಅದು, ಇಂಜಿನ್ನಿನ ಭಾಗ.

ಸುಟ್ಟ ಗ್ಯಾಸ್ ಹೊರಬಿಡುವ ಬಾಗಿಲೇ ಎಕ್ಸಾಸ್ಟ್ ವಾಲ್ವ್. ಅದು ತೆರೆದ ತಕ್ಷಣ ಗ್ಯಾಸ್ ಭರ್ರಂತ ಹೊರಗೆ ನುಗ್ಗುತ್ತದೆ. ಹೈವೇಯಲ್ಲಿ ಬಸ್ ಹೋದರೆ ಹಿಂದೆ ಧೂಳು, ಕಾಗದ ಎಲ್ಲ ಎಳೆದುಕೊಂಡು ಹೋಗುತ್ತದಲ್ವಾ? ಹಾಗೆಯೇ. ಪಿಸ್ಟನ್ನಿನ ಆ ಸ್ಟ್ರೋಕ್, ಅಂದರೆ ಆ ಓಟ, ಮುಗಿಯುವ ಹೊತ್ತಿಗೆ ಒಂದು ಕ್ಷಣ ಒಳಬಿಡುವ, ಹೊರಬಿಡುವ ಎರಡೂ ವಾಲ್ವ್ ತೆರೆದಿರುತ್ತವೆ. ಓವರ್‌ಲ್ಯಾಪ್ ಅನ್ನುತ್ತಾರೆ. ಹೊರಗೆ ಹೋಗುವ ಗ್ಯಾಸ್ ಆಗ ಹೊಸ ಪೆಟ್ರೋಲ್ ಗಾಳಿಯನ್ನು ಒಳಗೆ ಎಳೆಯುತ್ತದೆ. ಜೊತೆಗೆ, ಪೈಪಿನ ತುದಿ ಮುಟ್ಟಿದ ಒತ್ತಡದ ಅಲೆ ವಾಪಸ್ ಬರುತ್ತದೆ, ಎಳೆಯುವ ಅಲೆಯಾಗಿ. ಅದು ಸರಿಯಾದ ಗಳಿಗೆಗೆ ವಾಲ್ವ್ ಹತ್ತಿರ ಬರಬೇಕು ಅಂತಲೇ ಪೈಪಿನ ಉದ್ದ, ದಪ್ಪ ಲೆಕ್ಕ ಹಾಕಿ ಮಾಡಿರುತ್ತಾರೆ. ನೀನು ಗ್ರೈಂಡರ್ ಹಿಡಿದು ಅರ್ಧಕ್ಕೆ ಕತ್ತರಿಸಿದೆ. ಅಲೆ ಬೇಗ ಬಂದು ಬೇಗ ಹೋಯಿತು. ಊರೊಳಗೆ ನಿಧಾನ ಓಡಿಸುವಾಗ ಎಳೆತವೇ ಇಲ್ಲ.

"ಇಂಜಿನ್‌ಗೆ ಬ್ಯಾಕ್ ಪ್ರೆಶರ್ ಬೇಕು", ಅಂದರೆ ಹೊರಗೆ ಹೋಗುವ ಗ್ಯಾಸಿಗೆ ಅಡ್ಡ ಒತ್ತಡ ಬೇಕು, ಅನ್ನುವ ಪಂಡಿತರೇ, ನೀವೂ ಸುಮ್ನಿರಿ. ಬ್ಯಾಕ್ ಪ್ರೆಶರ್ ಯಾವ ಇಂಜಿನ್‌ಗೂ ಬೇಡ. ಬೇಕಾದ್ದು ಗ್ಯಾಸಿನ ವೇಗ.

ಯಮಹಾ ಆರ್‌ಎಕ್ಸ್ 100 ಬೈಕ್ ತಗೊಳ್ಳಿ. 98 ಸಿಸಿಯಲ್ಲಿ 11 ಎಚ್‌ಪಿ. ಟೂ ಸ್ಟ್ರೋಕ್, ಎಕ್ಸಾಸ್ಟ್ ವಾಲ್ವೇ ಇಲ್ಲ. ಹೊಸ ಪೆಟ್ರೋಲ್ ಸ್ವಲ್ಪ ಎಕ್ಸಾಸ್ಟಿಗೇ ಓಡಿಹೋಗುತ್ತದೆ. ಅದನ್ನು ವಾಪಸ್ ಸಿಲಿಂಡರ್‌ಗೆ ತಳ್ಳುವುದು ಯಾರು? ಸೈಲೆನ್ಸರ್ ಒಳಗಿನ ಅಲೆ! ಅಂದರೆ ವಾಲ್ವಿನ ಅರ್ಧ ಕೆಲಸ ಸೈಲೆನ್ಸರ್ ಮಾಡುತ್ತಿದೆ. ಮತ್ತೆ ಹೇಳುತ್ತೇನೆ, ಇಂಜಿನ್ನಿನ ಭಾಗ ಕಣ್ರಪ್ಪಾ!

ನಾನೇನು ಹುಟ್ಟಾ ಬುದ್ಧಿವಂತ ಅಲ್ಲ. ಕಾಲೇಜಿನಲ್ಲಿ ನನ್ನ 150 ಸಿಸಿ ಬೈಕಿಗೂ ಖಾಲಿ ಪೈಪ್ ಹಾಕಿಸಿದ್ದೆ. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತು, ಜೆಟ್, ಅದನ್ನು ಮುಟ್ಟಲಿಲ್ಲ. ಜೋರಾಗಿ ಓಡಿಸಿದಾಗ ಗಾಳಿ ಜಾಸ್ತಿ, ಪೆಟ್ರೋಲ್ ಅಷ್ಟೇ. ನಂದಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಪಟ್, ಪಟ್, ಢಂ! ಜನ ತಿರುಗಿ ನೋಡುತ್ತಿದ್ದರು, ನನಗೆ ಹೆಮ್ಮೆ. ಬಿಸಿ ಜಾಸ್ತಿಯಾಗಿ ಪ್ಲಗ್ ಬೆಳ್ಳಗಾಯಿತು. ಇಂಜಿನ್ನಿಂದ ಹೊರಡುವ ಬೆಂಡ್ ಪೈಪ್ ನೀಲಿಯಾಯಿತು. ಒಂದು ದಿನ ಕಿಕ್ಕರ್ ಒದ್ದರೆ ಕಾಲಿಗೆ ಏನೂ ಸಿಗಲಿಲ್ಲ, ಕಂಪ್ರೆಶನ್ನೇ ಇಲ್ಲ. ಮೆಕ್ಯಾನಿಕ್ ಹೆಡ್ ಬಿಚ್ಚಿ ಎಕ್ಸಾಸ್ಟ್ ವಾಲ್ವ್ ಅಂಗೈಯಲ್ಲಿಟ್ಟ. ಅಂಚು ಇಲಿ ಕಚ್ಚಿದ ಒಬ್ಬಟ್ಟಿನ ಹಾಗಿತ್ತು. ನಮ್ಮಪ್ಪ ಬಿಲ್ಲು ನೋಡಿ ಏನಂದರು ಅನ್ನುವುದು ಮೆಂಬರ್‌ಗಳಿಗೆ ಮಾತ್ರ. ಅಂದಹಾಗೆ, ಜಾಯಿನ್ ಬಟನ್ ಕೆಳಗಿದೆ.

"ರೇಸ್ ಬೈಕಿಗೆ ಸೈಲೆನ್ಸರ್ ಇರಲ್ಲ" ಅಂತೀರಿ. ಕೆಲವಕ್ಕೆ ಇರಲ್ಲ, ಹೌದಪ್ಪ. ಅವರು ಪೈಪ್ ಬದಲಿಸಿದರೆ ಫ್ಯುಯೆಲ್ ಮ್ಯಾಪ್, ಅಂದರೆ ಪೆಟ್ರೋಲ್ ಎಷ್ಟು ಹಾಕಬೇಕು ಅನ್ನುವ ಲೆಕ್ಕ, ಬದಲಿಸುತ್ತಾರೆ, ಆಗಾಗ ಇಂಜಿನ್ನನ್ನೇ ಬಿಚ್ಚಿ ಕಟ್ಟುತ್ತಾರೆ. ನೀನು ಆಯಿಲ್ ಬದಲಿಸಿದ್ದು ಯಾವಾಗ? ಹೋದ ಯುಗಾದಿಗಾ?

2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಹೊಗೆ ನಿಯಮದ ಹೆಚ್ಚಿನ ಗಾಡಿಗಳಲ್ಲಿ ಪೈಪಿನೊಳಗೇ ಆಕ್ಸಿಜನ್ ಸೆನ್ಸರ್ ಕೂತಿದೆ. ಬೆಂಡ್ ಪೈಪಿನ ಸಂದು ಮುಚ್ಚುವ ಸಣ್ಣ ಗ್ಯಾಸ್ಕೆಟ್ ಸೀಳಿದರೂ ಹೊರಗಿನ ಗಾಳಿ ಒಳಗೆ ಸೇರುತ್ತದೆ. ಸೆನ್ಸರ್ "ಪೆಟ್ರೋಲ್ ಸಾಲದು" ಅಂದುಕೊಂಡು ವರದಿ ಕೊಡುತ್ತದೆ, ಇಂಜಿನ್ನಿನ ಕಂಪ್ಯೂಟರ್ ಇಸಿಯು ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಮೈಲೇಜ್ ಇಳಿಯಿತು ಅಂತ ಬಂಕಿನವನಿಗೆ ಬೈಯುತ್ತೀರಿ.

ನಮ್ಮ ಮಾವ ತಿಪಟೂರು ಕಡೆಯವರು. ಟ್ರಾಕ್ಟರ್ ನಿಲ್ಲಿಸಿದ ಕೂಡಲೇ ಸೈಲೆನ್ಸರ್ ಬಾಯಿಗೆ ತೆಂಗಿನ ಕರಟ ಕವುಚುತ್ತಾರೆ, ಊಟಕ್ಕೆ ಕೂರುವ ಮೊದಲು. ಯಾಕೆ ಮಾವ ಅಂದರೆ, "ಮಳೆ ನೀರು ಅಲ್ಲಿಂದ ಇಳಿದ್ರೆ ವಾಲ್ವ್ ದಾಟಿ ಪಿಸ್ಟನ್ ತಲೆ ಮೇಲೇ ಕೂರುತ್ತಪ್ಪ" ಅಂದರು. ನಾಲ್ಕನೇ ಕ್ಲಾಸ್ ಓದಿದ ಮಾವನಿಗೆ ಗೊತ್ತು ಅದು ಇಂಜಿನ್ನಿನ ಭಾಗ ಅಂತ! ಮಳೆ ಬಿಡಿ, 1 ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಮ್ಮಿ 1 ಲೀಟರ್ ನೀರೇ ಆವಿಯಾಗಿ ಬರುತ್ತದೆ. ಮನೆಯಿಂದ ಹಾಲಿನ ಬೂತಿಗೆ ಮಾತ್ರ ಓಡುವ ಸ್ಕೂಟರಿನ ಸೈಲೆನ್ಸರ್ ಒಳಗಿಂದ ತುಕ್ಕು ತಿನ್ನುವುದು ಅದಕ್ಕೇ. ಬಿಸಿಯೇ ಆಗಲ್ಲ, ನೀರು ಒಣಗಲ್ಲ.

"ಲೌಡ್ ಇದ್ರೆ ಸೇಫ್ ಅಣ್ಣ, ಲಾರಿಯವರಿಗೆ ಕೇಳಿಸುತ್ತೆ." ಹಾರ್ನ್ ಯಾಕೆ ಕೊಟ್ಟಿದ್ದಾರೆ ಹಾಗಾದರೆ, ಒಬ್ಬಟ್ಟು ಮಾಡೋಕಾ? ಮೋಟಾರು ವಾಹನ ಕಾಯ್ದೆ 190(2) ಓದಿ. ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಇಲ್ಲ 3 ತಿಂಗಳವರೆಗೆ ಜೈಲು, ಇಲ್ಲ ಎರಡೂ. ಭಾನುವಾರ ಬೆಳಿಗ್ಗೆ ಐದಕ್ಕೆ ನಮ್ಮ ಬೀದಿಯಲ್ಲಿ ಹಾದುಹೋಗುತ್ತೀರಲ್ಲ, ಪಕ್ಕದ ಮನೆ ಕೂಸು ಎದ್ದು ಕಿರುಚುತ್ತದೆ, ನಾಯಿ ಬೊಗಳುತ್ತದೆ, ನಾನೂ ಬೊಗಳುತ್ತೇನೆ. ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿ ಇಲ್ಲೇ ಇದೆ ಮಾರಾಯ, ಅವರ ಮುಖ ನೋಡಿಯಾದರೂ... ಅದು... ಇಂಜಿನ್ನಿನ... ಒಂದ್ನಿಮಿಷ.

ಕೇಳಿಸಿತಾ? ಮೈಕಿಗೆ ಬಂತಾ? ಇದು ಖಾಲಿ ಪೈಪಲ್ಲ. ಟಿಸ್ ಟಿಸ್ ಅಂತಿದೆ ನೋಡಿ, ಬೆಂಡ್ ಪೈಪ್ ಗ್ಯಾಸ್ಕೆಟ್ ಹೋಗಿದೆ. ನಮ್ಮ ಎದುರುಮನೆ ಹುಡುಗ. ಏಯ್! ನಿಲ್ಲಿಸೋ! ಕ್ಯಾಮೆರಾ ಆಫ್ ಮಾಡ್ರಪ್ಪ, 10 ನಂಬರ್ ಸ್ಪ್ಯಾನರ್ ಎಲ್ಲಿಟ್ಟೆ?