ಭ್ರೂಣದ ಮೊದಲ ದಿನ ನಡೆಸೋದು ಅದರ ಜೀನ್ ಅಲ್ಲ

ನಮಸ್ಕಾರ. ಇವತ್ತು ಒಂದು ಮಾತಿನ ಜೊತೆ ಜಗಳಕ್ಕೆ ಕೂತಿದ್ದೀನಿ. "ಎಲ್ಲಾ ಜೀನ್‌ನಲ್ಲೇ ಬರೆದಿರುತ್ತೆ" ಅನ್ನೋ ಮಾತು. ಟಿವಿ ಚರ್ಚೆಯಲ್ಲಿ ಕೇಳ್ತೀವಿ, ಜಾಹೀರಾತಲ್ಲಿ ಓದ್ತೀವಿ, ಸಂಬಂಧ ನೋಡೋಕೆ ಬಂದವರ ಬಾಯಲ್ಲೂ ಬರುತ್ತೆ. ಈ ಮಾತು ಎಷ್ಟು ಅರೆಬರೆ ಅನ್ನೋದು ಗೊತ್ತಾಗಬೇಕು ಅಂದ್ರೆ ಇಲಿಯ ಭ್ರೂಣದ ಮೊದಲ ಮೂರು ನಾಲ್ಕು ದಿನ ನೋಡಬೇಕು.

ಇಲಿಯ ಅಂಡದ ಅಡ್ಡಳತೆ ಸುಮಾರು 80 ಮೈಕ್ರೋಮೀಟರ್. ಸಾಲಾಗಿ ಇಟ್ಟರೆ ಒಂದು ಮಿಲಿಮೀಟರ್ ಜಾಗದಲ್ಲಿ ಹನ್ನೆರಡು ಹಿಡಿಯುತ್ತವೆ. ಅಂಡಾಶಯದಲ್ಲಿ ಬೆಳೆಯುತ್ತಿರುವಾಗ ಈ ಅಂಡ ತನ್ನ ಜೀನ್‌ಗಳನ್ನ ಜೋರಾಗಿ ಓದುತ್ತೆ. ಡಿಎನ್‌ಎಯಿಂದ ಆರ್‌ಎನ್‌ಎ ಪ್ರತಿಗಳನ್ನ ಮಾಡಿ ಮಾಡಿ ತುಂಬಿಟ್ಟುಕೊಳ್ಳುತ್ತೆ. ಪ್ರೋಟೀನ್ ತಯಾರಾಗೋದು ಈ ಪ್ರತಿಗಳನ್ನ ನೋಡಿಯೇ. ಪೂರ್ತಿ ಬೆಳೆದ ಮೇಲೆ ಆ ಓದು ನಿಂತುಹೋಗುತ್ತೆ. ಅಲ್ಲಿಂದ ಮುಂದೆ ಅಂಡ ಪಕ್ವ ಆಗೋದು, ಅಂಡಾಶಯದಿಂದ ಹೊರಗೆ ಬರೋದು, ವೀರ್ಯಾಣು ಬಂದು ಸೇರೋದು, ಒಂದು ಕೋಶ ಎರಡಾಗೋದು, ಇಷ್ಟೂ ಹೆಚ್ಚುಕಮ್ಮಿ ಹಳೇ ದಾಸ್ತಾನಿನ ಮೇಲೇ ನಡೆಯುತ್ತೆ. ಭ್ರೂಣದ ಸ್ವಂತ ಜೀನ್‌ಗಳು ಒಂದು ಕೋಶದ ಹಂತದ ಕೊನೆಯಲ್ಲಿ ಅಲ್ಪಸ್ವಲ್ಪ ಮಿಸುಕಾಡುತ್ತವೆ, ನಿಜವಾಗಿ ಕೆಲಸಕ್ಕೆ ಇಳಿಯೋದು ಎರಡು ಕೋಶ ಆದಮೇಲೆ. ಮನುಷ್ಯರಲ್ಲಿ ಇನ್ನೂ ತಡ, ನಾಲ್ಕರಿಂದ ಎಂಟು ಕೋಶದ ಹೊತ್ತಿಗೆ.

ಅಲ್ಲಿವರೆಗೆ ಯಜಮಾನಿಕೆ ಯಾರದ್ದು? ಆರ್‌ಎನ್‌ಎಗೆ ಅಂಟಿಕೊಳ್ಳೋ ಪ್ರೋಟೀನ್‌ಗಳದ್ದು. ದೊಡ್ಡ ಮದುವೆಮನೆಯಲ್ಲಿ ಉಗ್ರಾಣ ನೋಡಿರ್ತೀರಿ. ಸಾಮಾನು ಹಿಂದಿನ ದಿನವೇ ಬಂದು ಬಿದ್ದಿರುತ್ತೆ. ಯಾವ ಪಂಕ್ತಿಗೆ ಯಾವುದು ಹೋಗಬೇಕು, ಯಾವುದನ್ನ ಇನ್ನೂ ಮುಟ್ಟಬಾರದು ಅನ್ನೋದು ಮಾತ್ರ ಉಗ್ರಾಣಿಯ ಕೈಯಲ್ಲಿ. ಅಂಡದೊಳಗೆ ಆ ಜವಾಬ್ದಾರಿ ಹೊತ್ತಿರೋದು ಈ ಪ್ರೋಟೀನ್‌ಗಳು.

ಇವುಗಳಲ್ಲಿ ಎಂಎಸ್‌ವೈ2 ಅಂತ ಒಂದಿದೆ. ಬೆಳೆದ ಇಲಿ ಅಂಡದ ಒಟ್ಟು ಪ್ರೋಟೀನ್‌ನಲ್ಲಿ ಸುಮಾರು ನೂರಕ್ಕೆ ಎರಡು ಭಾಗ ಇದೊಂದೇ. ಒಂದು ಕೋಶದಲ್ಲಿ ಸಾವಿರಾರು ಬಗೆಯ ಪ್ರೋಟೀನ್ ಇರುವಾಗ ಒಂದಕ್ಕೇ ಇಷ್ಟು ಪಾಲು ಅಂದ್ರೆ ಅಂಡ ಅದನ್ನ ಎಷ್ಟು ಮುಖ್ಯ ಅಂತ ಇಟ್ಟುಕೊಂಡಿರಬೇಕು ಯೋಚನೆ ಮಾಡಿ. ಇದು ಆರ್‌ಎನ್‌ಎಗಳನ್ನ ಹಿಡಿದುಕೊಂಡು ಹಾಳಾಗದ ಹಾಗೆ ಕಾಯುತ್ತೆ. ಅಂಡ ಪಕ್ವ ಆಗೋಕೆ ಶುರುವಾದಾಗ ಎಂಎಸ್‌ವೈ2ಗೆ ಫಾಸ್ಫೇಟ್ ಸೇರುತ್ತೆ, ಹಿಡಿತ ಸಡಿಲ ಆಗುತ್ತೆ, ಇಷ್ಟು ದಿನ ಭದ್ರವಾಗಿದ್ದ ಆರ್‌ಎನ್‌ಎಗಳು ಕರಗೋಕೆ ಶುರು. ಎಂಎಸ್‌ವೈ2 ಇಲ್ಲದ ಇಲಿ ಬಂಜೆಯಾಗುತ್ತೆ, ಗಂಡಾದರೂ ಸರಿ, ಹೆಣ್ಣಾದರೂ ಸರಿ. 2005ರಲ್ಲೇ ಇದನ್ನ ತೋರಿಸಿಕೊಟ್ಟಿದ್ದಾರೆ.

ಕಾಯೋದು ಎಷ್ಟು ಮುಖ್ಯವೋ, ಹೊತ್ತಿಗೆ ಸರಿಯಾಗಿ ಅಳಿಸೋದೂ ಅಷ್ಟೇ ಮುಖ್ಯ. ತಾಯಿ ಕೊಟ್ಟ ಆರ್‌ಎನ್‌ಎ ಹಾಗೇ ಉಳಿದರೆ ಭ್ರೂಣ ಮುಂದಕ್ಕೆ ಹೋಗಲ್ಲ. ಬಿಟಿಜಿ4 ಅನ್ನೋ ಪ್ರೋಟೀನ್ ಇಲ್ಲಿ ಬರುತ್ತೆ. ಆರ್‌ಎನ್‌ಎಯ ಕೊನೆಯಲ್ಲಿ ಅಡೆನಿನ್‌ಗಳ ಒಂದು ಬಾಲ ಇರುತ್ತೆ, ಆ ಬಾಲ ಇರೋವರೆಗೂ ಅದಕ್ಕೆ ಆಯಸ್ಸು. ಬಾಲವನ್ನ ಕಡಿಯೋ ಕಿಣ್ವಗಳ ತಂಡವನ್ನ ಆರ್‌ಎನ್‌ಎ ಹತ್ತಿರ ಕರೆತರೋದು ಬಿಟಿಜಿ4 ಕೆಲಸ. 2016ರಲ್ಲಿ ಈ ಜೀನ್ ತೆಗೆದ ಹೆಣ್ಣಿಲಿಗಳನ್ನ ನೋಡಿದರು. ಅಂಡ ಬಿಡುಗಡೆ ಆಗುತ್ತೆ, ವೀರ್ಯಾಣು ಸೇರುತ್ತೆ, ಆದರೆ ಭ್ರೂಣ ಒಂದು ಇಲ್ಲವೇ ಎರಡು ಕೋಶಕ್ಕೆ ಬಂದು ನಿಂತುಬಿಡುತ್ತೆ. ಗಮನಿಸಿ, ತಂದೆಯಿಂದ ಆ ಭ್ರೂಣಕ್ಕೆ ಒಳ್ಳೇ ಬಿಟಿಜಿ4 ಜೀನ್ ಬಂದಿರುತ್ತೆ. ಇದ್ದೂ ಪ್ರಯೋಜನ ಇಲ್ಲ. ಅದನ್ನ ಓದೋ ಹೊತ್ತು ಬರೋದಕ್ಕೆ ಮುಂಚೆಯೇ ಬೇಕಾಗಿದ್ದ ಪ್ರೋಟೀನ್ ಅದು.

ಇದು ಇಲಿಗೆ ಮಾತ್ರ ಸೇರಿದ ವಿಷಯ ಅಂದುಕೊಳ್ಳಬೇಡಿ. 2020ರಲ್ಲಿ ಚೀನಾದ ಸಂಶೋಧಕರು ಬಿಟಿಜಿ4ನ ಎರಡೂ ಪ್ರತಿ ಕೆಟ್ಟಿರೋ ಮಹಿಳೆಯರನ್ನ ಗುರುತಿಸಿದರು. ಐವಿಎಫ್‌ನಲ್ಲಿ ಅಂಡ ಸಿಗುತ್ತೆ, ಫಲಿತವೂ ಆಗುತ್ತೆ, ಆದರೆ ಒಂದು ಕೋಶ ಎರಡಾಗೋದೇ ಇಲ್ಲ. ಎಷ್ಟು ಸಲ ಮಾಡಿದರೂ ಅದೇ. ಇಂಥ ಮನೆಗಳಲ್ಲಿ ಏನಾಗುತ್ತೆ ಅಂತ ನಮಗೆಲ್ಲಾ ಗೊತ್ತು. ಸಾಲ ಮಾಡ್ತಾರೆ, ಇನ್ನೊಂದು ಸಲ ನೋಡೋಣ ಅಂತಾರೆ, ಹರಕೆ ಹೊರ್ತಾರೆ, ಕೊನೆಗೆ ಆ ಹೆಂಗಸಿನ ಮೇಲೆ ಬೆರಳು ತೋರಿಸ್ತಾರೆ. ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಭ್ರೂಣ ಪ್ರತಿ ಸಲವೂ ಒಂದೇ ಹಂತದಲ್ಲಿ ನಿಲ್ಲುತ್ತಿದ್ದರೆ ಮತ್ತೊಂದು ಸೈಕಲ್‌ಗೆ ದುಡ್ಡು ಕಟ್ಟಿಸಿಕೊಳ್ಳೋ ಮುಂಚೆ ಜೀನ್ ಪರೀಕ್ಷೆಯ ಮಾತು ಆಡೋದು ವೈದ್ಯರ ಕರ್ತವ್ಯ. ಕಾರಣ ಇದೇ ಅಂತ ಗೊತ್ತಾದರೆ ದಾನಿ ಅಂಡದ ದಾರಿ ಇದೆ. ಇನ್ನು ಇದು ಯಾರ ತಪ್ಪೂ ಅಲ್ಲ. ಆ ಎರಡು ಕೆಟ್ಟ ಪ್ರತಿಗಳಲ್ಲಿ ಒಂದು ಅವಳ ಅಪ್ಪನಿಂದ ಬಂದಿದ್ದು, ಒಂದು ಅಮ್ಮನಿಂದ.

ಸರಿ, ಎರಡು ಕೋಶದ ಹಂತ ಬಂತು, ಭ್ರೂಣದ ಜೀನ್‌ಗಳು ಓದಿಸಿಕೊಳ್ಳೋಕೆ ಶುರುವಾದವು. ಇನ್ನಾದರೂ ಜೀನ್‌ದೇ ರಾಜ್ಯವಾ? ಇಲ್ಲ. ಈಗ ಸ್ಪ್ಲೈಸಿಂಗ್ ಬರುತ್ತೆ. ಜೀನ್‌ನಿಂದ ಬಂದ ಆರ್‌ಎನ್‌ಎಯಲ್ಲಿ ಬೇಕಾದ ತುಂಡು, ಬೇಡದ ತುಂಡು ಬೆರೆತಿರುತ್ತೆ. ಬೇಡದ ತುಂಡುಗಳಾದ ಇಂಟ್ರಾನ್‌ಗಳನ್ನ ತೆಗೆದು ಬೇಕಾದ ತುಂಡುಗಳಾದ ಎಕ್ಸಾನ್‌ಗಳನ್ನ ಜೋಡಿಸಬೇಕು, ಅದೇ ಸ್ಪ್ಲೈಸಿಂಗ್. ಫಿಲಿಪ್ ಶಾರ್ಪ್ ಮತ್ತು ರಿಚರ್ಡ್ ರಾಬರ್ಟ್ಸ್ ಬೇರೆ ಬೇರೆಯಾಗಿ 1977ರಲ್ಲಿ ಇದನ್ನ ಕಂಡರು, 1993ರಲ್ಲಿ ನೊಬೆಲ್ ಬಂತು. ನಮ್ಮ ಪಿಯುಸಿ ಪಾಠದಲ್ಲಿ ಇದು ಕೆಲವೇ ಸಾಲಿನಲ್ಲಿ ಮುಗಿಯುತ್ತೆ. ಎಕ್ಸಾನ್‌ಗಳು ಒಂದು ನಿಗದಿತ ಕ್ರಮದಲ್ಲಿ ಸೇರುತ್ತವೆ ಅಂತ ಓದಿ ಮಕ್ಕಳು ಪರೀಕ್ಷೆ ಬರೀತಾರೆ. ಒಂದೇ ಜೀನ್‌ನ ಆರ್‌ಎನ್‌ಎಯನ್ನ ಬೇರೆ ಬೇರೆ ಥರ ಜೋಡಿಸಿ ಬೇರೆ ಬೇರೆ ಪ್ರೋಟೀನ್ ಮಾಡಬಹುದು, ಮನುಷ್ಯರಲ್ಲಿ ಒಂದಕ್ಕಿಂತ ಹೆಚ್ಚು ಎಕ್ಸಾನ್ ಇರೋ ಜೀನ್‌ಗಳಲ್ಲಿ ಹತ್ತಿರ ಹತ್ತಿರ 95 ಶೇಕಡಾ ಹೀಗೇ ಮಾಡುತ್ತವೆ ಅನ್ನೋದು ಆ ಮಕ್ಕಳಿಗೂ ಗೊತ್ತಾಗಬೇಕು.

ಭ್ರೂಣದ ಮೊದಲ ಓದು ಹೇಗಿರುತ್ತೆ ಅಂತ ಟೋಕಿಯೋದ ಫುಗಾಕು ಆವೊಕಿ ಮತ್ತು ಜೊತೆಗಾರರು 2015ರಲ್ಲಿ ತೋರಿಸಿದರು. ಒಂದು ಕೋಶದ ಹಂತದಲ್ಲಿ ಡಿಎನ್‌ಎಯ ಮೂಲೆ ಮೂಲೆಯಿಂದ, ಜೀನ್ ಇಲ್ಲದ ಜಾಗದಿಂದ ಕೂಡ, ಸ್ವಲ್ಪ ಸ್ವಲ್ಪ ಆರ್‌ಎನ್‌ಎ ಬರುತ್ತೆ. ಹಾಗೆ ಬಂದಿದ್ದು ಸರಿಯಾಗಿ ಸ್ಪ್ಲೈಸ್ ಆಗಲ್ಲ, ಬಾಲವೂ ಸರಿಯಾಗಿ ಕೂರಲ್ಲ. ಅದರಿಂದ ಪ್ರೋಟೀನ್ ಆಗೋದು ಕಷ್ಟ. ಜೀನ್ ಇದೆ, ಓದೂ ನಡೀತಿದೆ, ಆದರೂ ಕೈಗೆ ಏನೂ ಸಿಗಲ್ಲ. ಇವತ್ತು ನಾನು ಹೇಳೋಕೆ ಹೊರಟಿದ್ದನ್ನ ಇದಕ್ಕಿಂತ ಚೆನ್ನಾಗಿ ತೋರಿಸೋ ಇನ್ನೊಂದು ಪ್ರಯೋಗ ನನಗೆ ಕಾಣಲ್ಲ.

ಮುಂದೆ ಸ್ಪ್ಲೈಸಿಂಗ್ ಕೆಟ್ಟರೆ ಏನಾಗುತ್ತೆ? ಎಸ್‌ಆರ್‌ಎಸ್‌ಎಫ್3 ಅನ್ನೋ ಪ್ರೋಟೀನ್ ಎಕ್ಸಾನ್ ಗುರುತಿಸೋಕೆ ನೆರವಾಗುತ್ತೆ. ಅದು ಇಲ್ಲದ ಇಲಿ ಭ್ರೂಣಗಳು ಬ್ಲಾಸ್ಟೊಸಿಸ್ಟ್ ಆಗೋದೇ ಇಲ್ಲ, 1999ರ ಕೆಲಸ ಇದು. ಬ್ಲಾಸ್ಟೊಸಿಸ್ಟ್ ಅಂದ್ರೆ ಮೂರೂವರೆ ದಿನಕ್ಕೆ ಸಿಗೋ ಟೊಳ್ಳು ಉಂಡೆ, ಒಳಗೊಂದು ಕೋಶಗಳ ಗುಂಪು, ಹೊರಗೊಂದು ಪದರ. ಸ್ಪ್ಲೈಸಿಂಗ್ ಯಂತ್ರದ ಮೂಲ ಭಾಗವಾದ ಎಸ್‌ಎಫ್3ಬಿ1 ಇಲ್ಲದವು 16ರಿಂದ 32 ಕೋಶದ ಆಸುಪಾಸಿನಲ್ಲಿ ಸಾಯುತ್ತವೆ. ಇಂಥ ಫಲಿತಾಂಶ ಓದಿ "ಹಾಗಾದರೆ ಅಲ್ಲಿವರೆಗೆ ಇದು ಬೇಕಾಗಿಲ್ಲ" ಅಂತ ತೀರ್ಮಾನ ಮಾಡೋರನ್ನ ಕಂಡರೆ ನನಗೆ ಬೇಸರ. ಅಲ್ಲಿವರೆಗೆ ಅವು ತಾಯಿಯ ದಾಸ್ತಾನಿನಲ್ಲಿ ಬದುಕಿರುತ್ತವೆ. ಎಸ್‌ಆರ್‌ಎಸ್‌ಎಫ್3ಯನ್ನ ಅಂಡದಲ್ಲೇ ಇಲ್ಲದ ಹಾಗೆ ಮಾಡಿ ನೋಡಿದಾಗ ಅಂಡ ಪಕ್ವವೇ ಆಗಲಿಲ್ಲ.

2021ರಲ್ಲಿ ಪೀಕಿಂಗ್ ವಿಶ್ವವಿದ್ಯಾಲಯದ ತಂಡವೊಂದು ಇದಕ್ಕೆ ಉಲ್ಟಾ ಪ್ರಯೋಗ ಮಾಡಿತು. ಬ್ಲಾಸ್ಟೊಸಿಸ್ಟ್‌ನ ಒಳಗುಂಪಿನಿಂದ ಬೆಳೆಸಿದ ಕಾಂಡಕೋಶಗಳಿಗೆ, ಅಂದ್ರೆ ಮುಂದೆ ದೇಹದ ಬೇರೆ ಬೇರೆ ಬಗೆಯ ಕೋಶ ಆಗಬಲ್ಲ ಕೋಶಗಳಿಗೆ, ಪ್ಲಾಡಿಯೆನೊಲೈಡ್ ಬಿ ಹಾಕಿದರು. ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾದಲ್ಲಿ ಸಿಕ್ಕ ಪದಾರ್ಥ ಅದು, ಸ್ಪ್ಲೈಸಿಂಗ್ ತಗ್ಗಿಸುತ್ತೆ. ಕೋಶಗಳು ಹಿಂದಕ್ಕೆ ಸರಿದು ಎರಡು ನಾಲ್ಕು ಕೋಶದ ಭ್ರೂಣದ ಹಾಗೆ ವರ್ತಿಸೋಕೆ ಶುರು ಮಾಡಿದವು. ಯಾಕೆ ಅಂದ್ರೆ ಕಾಂಡಕೋಶದ ಗುಣ ಕಾಯೋ ಜೀನ್‌ಗಳ ಸ್ಪ್ಲೈಸಿಂಗ್ ಕೆಟ್ಟಿತು. ಎರಡು ಕೋಶದ ಹಂತದ ಜೀನ್‌ಗಳಲ್ಲಿ ಇಂಟ್ರಾನ್ ಕಡಿಮೆ, ಇದ್ದರೂ ಚಿಕ್ಕವು, ಅವು ಪಾರಾದವು. ಆ ಕೋಶಗಳನ್ನ ನಿಜವಾದ ಎರಡು ಕೋಶದ ಭ್ರೂಣಕ್ಕೆ ಸಮ ಅಂತ ನಾನು ಒಪ್ಪಲ್ಲ. ಒಂಟಿ ಕೋಶದಿಂದ ಪೂರಾ ಇಲಿ ಹುಟ್ಟಿಸೋ ತಾಕತ್ತು ಬೇರೆಯೇ ಮಾತು. ಆದರೆ ಡಿಎನ್‌ಎಯ ಒಂದು ಅಕ್ಷರವನ್ನೂ ಮುಟ್ಟದೆ, ಬರೀ ಸ್ಪ್ಲೈಸಿಂಗ್ ಇಳಿಸಿ ಕೋಶದ ಸ್ವಭಾವ ಬದಲಾಯಿಸಿದರಲ್ಲ, ಅದು ಸಣ್ಣ ವಿಷಯ ಅಲ್ಲ.

ಒಂದೇ ಒಂದು ಎಕ್ಸಾನ್ ಎಷ್ಟು ಮಾಡಬಲ್ಲದು ಅನ್ನೋದಕ್ಕೆ ಫಾಕ್ಸ್‌ಪಿ1 ನೋಡಿ. ಇದು ಡಿಎನ್‌ಎ ಮೇಲೆ ಕೂತು ಬೇರೆ ಜೀನ್‌ಗಳನ್ನ ಆಳೋ ಪ್ರೋಟೀನ್. ಕಾಂಡಕೋಶದಲ್ಲಿ ಇದರ ಒಂದು ಎಕ್ಸಾನ್‌ನ ಜಾಗದಲ್ಲಿ ಪಕ್ಕದ ಇನ್ನೊಂದು ಸೇರುತ್ತೆ. ಟೊರೊಂಟೊದ ಬೆನ್ ಬ್ಲೆಂಕೊ ತಂಡ 2011ರಲ್ಲಿ ಕಂಡಿದ್ದು ಏನಪ್ಪಾ ಅಂದ್ರೆ, ಆ ಅದಲುಬದಲಿನಿಂದ ಅದು ಡಿಎನ್‌ಎಯಲ್ಲಿ ಇಷ್ಟಪಡೋ ಜಾಗವೇ ಬದಲಾಗುತ್ತೆ. ಕಾಂಡಕೋಶದ ಗುಣ ಕಾಯೋ ಆಕ್ಟ್4, ನ್ಯಾನಾಗ್ ಥರದ ಜೀನ್‌ಗಳಿಗೆ ಬಲ ಬರುತ್ತೆ. ಬೆಳೆದ ಕೋಶಗಳಲ್ಲಿ ಎಂಬಿಎನ್‌ಎಲ್ ಅನ್ನೋ ಆರ್‌ಎನ್‌ಎ ಪ್ರೋಟೀನ್‌ಗಳು ಇಂಥ ಜೋಡಣೆಗಳನ್ನ ತಡೆಯುತ್ತವೆ.

ಇಲ್ಲಿ ಈ ಕ್ಷೇತ್ರದವರ ಜೊತೆಗೂ ನನ್ನದೊಂದು ತಕರಾರು ಇದೆ. ಫಾಕ್ಸ್‌ಪಿ1 ಥರ ಕೊನೆವರೆಗೂ ಹೋಗಿ ನೋಡಿದ ಕೆಲಸ ಕಡಿಮೆ, ಪಟ್ಟಿಗಳೇ ಜಾಸ್ತಿ. ಈ ಹಂತದಲ್ಲಿ ಇಷ್ಟು ಸಾವಿರ ಸ್ಪ್ಲೈಸಿಂಗ್ ಬದಲಾವಣೆ, ಆ ಹಂತದಲ್ಲಿ ಅಷ್ಟು ಸಾವಿರ ಅಂತ ಬರೀತಾರೆ. ಒಂದು ಇಲಿ ಅಂಡದಲ್ಲಿ ಒಟ್ಟು ಆರ್‌ಎನ್‌ಎ ಇರೋದೇ ಅರ್ಧ ನ್ಯಾನೊಗ್ರಾಂ ಆಸುಪಾಸು. ಅದನ್ನ ಹಲವು ಪಟ್ಟು ಹೆಚ್ಚಿಸಿ, ಚೂರು ಚೂರಾಗಿ ಓದಿ, ಕಂಪ್ಯೂಟರ್‌ನಲ್ಲಿ ಮತ್ತೆ ಜೋಡಿಸ್ತಾರೆ. ಅದೂ ಮೊದಲ ಓದಿನಲ್ಲಿ ಸ್ಪ್ಲೈಸಿಂಗೇ ಸರಿಯಾಗಿ ಆಗದ ಭ್ರೂಣದಲ್ಲಿ. ಹೀಗೆ ಕಂಡ ಆರ್‌ಎನ್‌ಎಯ ರೂಪ ಭ್ರೂಣಕ್ಕೆ ಬೇಕಾಗಿ ಬಂದದ್ದೋ, ಕೈತಪ್ಪಿ ಉಳಿದದ್ದೋ ಪಟ್ಟಿ ಹೇಳಲ್ಲ. ಜೀನ್ ಪೂರ್ತಿ ತೆಗೆಯೋದೂ ಉತ್ತರ ಅಲ್ಲ, ಆಗ ಎಲ್ಲಾ ರೂಪಗಳೂ ಒಟ್ಟಿಗೆ ಹೋಗುತ್ತವೆ. ಒಂದೇ ಎಕ್ಸಾನ್‌ನ ಅಂಚಿಗೆ ಅಂಟೋ ಚಿಕ್ಕ ಆಂಟಿಸೆನ್ಸ್ ಎಳೆಯನ್ನ, ಅಂದ್ರೆ ಆ ಜಾಗದ ಅಕ್ಷರಗಳಿಗೆ ಜೋಡಿಯಾಗೋ ಹಾಗೆ ತಯಾರಿಸಿದ ತುಂಡನ್ನ, ಫಲಿತ ಅಂಡಕ್ಕೆ ಚುಚ್ಚಿ, ಜೀನ್ ಹಾಗೇ ಇರೋಕೆ ಬಿಟ್ಟು, ಆ ಒಂದು ರೂಪವನ್ನ ಮಾತ್ರ ತಡೆದು ಬ್ಲಾಸ್ಟೊಸಿಸ್ಟ್‌ವರೆಗೆ ಕಾಯಬೇಕು. ನಿಧಾನದ ಕೆಲಸ, ನಿಜ. ಆದರೂ ಹತ್ತು ಪಟ್ಟಿಗಿಂತ ಇಂಥ ಒಂದು ಪ್ರಯೋಗಕ್ಕೆ ನಾನು ಹೆಚ್ಚು ಬೆಲೆ ಕೊಡ್ತೀನಿ.

ಇಂಥ ಆಂಟಿಸೆನ್ಸ್ ಎಳೆಯೊಂದು ಮಕ್ಕಳ ಜೀವ ಉಳಿಸಿದ್ದೂ ಇದೆ. ಎಸ್‌ಎಂಎನ್ ಅಂತ ಒಂದು ಪ್ರೋಟೀನ್, ಸ್ಪ್ಲೈಸಿಂಗ್ ಯಂತ್ರದ ಬಿಡಿಭಾಗ ಜೋಡಿಸುತ್ತೆ. ಇಲಿಗೆ ಈ ಜೀನ್ ಒಂದೇ. ಅದನ್ನ ತೆಗೆದರೆ ಭ್ರೂಣ ಗರ್ಭಕೋಶಕ್ಕೆ ಅಂಟೋ ಮುಂಚೆಯೇ ಸಾಯುತ್ತೆ ಅಂತ 1997ರಲ್ಲಿ ಗೊತ್ತಾಯಿತು. ಮನುಷ್ಯರಿಗೆ ಎರಡಿವೆ, ಎಸ್‌ಎಂಎನ್1, ಎಸ್‌ಎಂಎನ್2. ಮೊದಲನೆಯದು ಹೋದರೂ ಮಗು ಹುಟ್ಟುತ್ತೆ, ಆದರೆ ಬೆನ್ನುಹುರಿಯ ನರಕೋಶಗಳು ಸಾಯ್ತಾ ಹೋಗಿ ಸ್ನಾಯು ಸೊರಗುತ್ತೆ. ಅದೇ ಸ್ಪೈನಲ್ ಮಸ್ಕ್ಯುಲರ್ ಅಟ್ರೊಫಿ, ಎಸ್‌ಎಂಎ. ಎರಡನೆಯ ಜೀನ್ ಯಾಕೆ ಕೈಹಿಡಿಯಲ್ಲ? ಅದರ ಏಳನೇ ಎಕ್ಸಾನ್‌ನಲ್ಲಿ 54 ಅಕ್ಷರ, ಆರನೇ ಅಕ್ಷರ ಸಿ ಇರಬೇಕಾದ ಕಡೆ ಟಿ ಇದೆ. ಅಷ್ಟಕ್ಕೇ ಹೆಚ್ಚಿನ ಆರ್‌ಎನ್‌ಎಗಳಲ್ಲಿ ಆ ಎಕ್ಸಾನ್ ಪೂರಾ ಬಿಟ್ಟುಹೋಗುತ್ತೆ. ಪಕ್ಕದ ಇಂಟ್ರಾನ್‌ನ ಒಂದು ಪುಟ್ಟ ಜಾಗದಲ್ಲಿ ಎಚ್‌ಎನ್‌ಆರ್‌ಎನ್‌ಪಿ ಎ1 ಅನ್ನೋ ಆರ್‌ಎನ್‌ಎ ಪ್ರೋಟೀನ್ ಕೂತು ಇದಕ್ಕೆ ಕುಮ್ಮಕ್ಕು ಕೊಡುತ್ತೆ. ಆ ಜಾಗವನ್ನ ಮುಚ್ಚೋ 18 ಅಕ್ಷರದ ಎಳೆಯೇ ನುಸಿನರ್ಸೆನ್ ಅನ್ನೋ ಔಷಧಿ. ವಿಜ್ಞಾನಿ ಏಡ್ರಿಯನ್ ಕ್ರೈನರ್ ಮತ್ತಿತರರ ವರ್ಷಗಟ್ಟಲೆ ದುಡಿಮೆಯ ಮೇಲೆ 2016ರ ಕೊನೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. 2020ರಲ್ಲಿ ಬಾಯಿಂದ ಕೊಡೋ ರಿಸ್ಡಿಪ್ಲಾಮ್ ಬಂತು, ಅದೂ ಆ ಎಕ್ಸಾನ್ ಅನ್ನ ಆರ್‌ಎನ್‌ಎಯಲ್ಲಿ ಉಳಿಸುತ್ತೆ.

ನಮ್ಮ ರಾಜ್ಯದಲ್ಲೂ ಎಸ್‌ಎಂಎ ಮಗುವಿನ ಫೋಟೊ ಹಾಕಿ ಜನರ ಹತ್ತಿರ ಹಣ ಕೇಳೋ ತಂದೆತಾಯಿ ಇದ್ದಾರೆ. ಕೇಂದ್ರದ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಒಬ್ಬ ರೋಗಿಗೆ 50 ಲಕ್ಷದವರೆಗೆ ನೆರವು ಇದೆ, ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಮತ್ತು ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಸೇರಿ ಅದರ ಕೇಂದ್ರ. ಜೀವಮಾನವಿಡೀ ಕುಡಿಯಬೇಕಾದ ಔಷಧಿಗೆ ಹಳೇ ಬೆಲೆಯಲ್ಲಿ ಆ ಹಣ ಎಷ್ಟು ದಿನಕ್ಕೆ? ಪೇಟೆಂಟ್ ಇರೋ ಕಂಪನಿ ಕೇಳಿದ ತಡೆಯನ್ನ 2025ರಲ್ಲಿ ದೆಹಲಿ ಹೈಕೋರ್ಟ್ ಕೊಡೋಕೆ ಒಪ್ಪದ ಮೇಲೆ ರಿಸ್ಡಿಪ್ಲಾಮ್‌ನ ದೇಶಿ ಜೆನೆರಿಕ್, ಅಂದ್ರೆ ಬೇರೆ ಕಂಪನಿ ಮಾಡಿದ ಅದೇ ಔಷಧಿ, ಬಂದು ಬೆಲೆ ಬಹಳ ಇಳಿದಿದೆ. ಈಗ ರಾಜ್ಯ ಸರ್ಕಾರ ಅದನ್ನ ಒಟ್ಟಿಗೆ ಕೊಂಡು ಈ ಮಕ್ಕಳಿಗೆ ಕೊಡಬೇಕು, ಹುಟ್ಟಿದ ಕೂಡಲೇ ಎಸ್‌ಎಂಎಗೆ ರಕ್ತಪರೀಕ್ಷೆ ಶುರು ಮಾಡಬೇಕು. ಸತ್ತ ನರಕೋಶಗಳನ್ನ ಯಾವ ಔಷಧಿಯೂ ವಾಪಸ್ ತರಲ್ಲ, ಅದಕ್ಕೇ ಲಕ್ಷಣ ಕಾಣೋವರೆಗೆ ಕಾಯಬಾರದು.